ಸ್ಮ್ಯಾಶ್‌ಗೆ ಕೈ ಎತ್ತಿದ್ರೆ ಭುಜ ಜಾರುತ್ತೆ: ವ್ಯಾಯಾಮದಲ್ಲಿ ಸರಿಹೋಗುತ್ತಾ, ಆಪರೇಷನ್ನೇ ಬೇಕಾ?

ಮದ್ದೂರು_ಅಟ್ಯಾಕರ್

ಎಲ್ರಿಗೂ ನಮಸ್ಕಾರ. ನಾನು ಬಲಗೈ ಅಟ್ಯಾಕರ್, ವಯಸ್ಸು 21. ಕಾಲೇಜ್ ಟೀಮಲ್ಲಿ ಆಡ್ತೀನಿ. ನಮ್ಮ ಕಡೆ ಹಬ್ಬ ಬಂತು ಅಂದ್ರೆ ಹೊನಲು ಬೆಳಕಿನ ವಾಲಿಬಾಲ್ ಇದ್ದೇ ಇರುತ್ತೆ, ಅದನ್ನೂ ಬಿಡಲ್ಲ.

ಹೋದ ವರ್ಷ ಒಂದು ಮ್ಯಾಚಲ್ಲಿ ಬಾಲ್ ಎತ್ತೋಕೆ ಡೈವ್ ಹೊಡೆದೆ. ಕೈ ತಲೆ ಮೇಲಕ್ಕೆ ಚಾಚಿದ ಹಾಗೇ ನೆಲಕ್ಕೆ ಬಡಿದು ಭುಜ ಕಳಚ್ಕೊಳ್ತು. ಆಸ್ಪತ್ರೇಲಿ ಎಕ್ಸ್‌ರೇ ತೆಗೆದು, ಮಂಪರು ಬರೋಕೆ ಇಂಜೆಕ್ಷನ್ ಕೊಟ್ಟು ಕೂರಿಸಿದ್ರು. ಮೂರು ವಾರ ಕೈಗೆ ಬೆಲ್ಟು. ಆಮೇಲೆ ಒಂದು ಕಡೆ ಬಿಸಿ ಶಾಖ, ಕರೆಂಟ್ ಕೊಟ್ರು, ಕೈ ಲೋಲಕದ ಥರ ಆಡಿಸು ಅಂದ್ರು, ಅಷ್ಟೇ.

ಈಗ ನೋವಿಲ್ಲ. ದಿನದ ಕೆಲಸಕ್ಕೆ ತೊಂದರೆ ಇಲ್ಲ. ಜೋರಾಗಿ ಹೊಡೆಯೋಣ ಅಂತ ಕೈ ಹಿಂದಕ್ಕೆ ತಗೊಂಡ ತಕ್ಷಣ ಮಾತ್ರ ‘ಹೋಯ್ತು’ ಅನ್ನೋ ಹಾಗಾಗುತ್ತೆ. ಆಗಾಗ ನಿಜವಾಗ್ಲೂ ಮುಂದಕ್ಕೆ ಜಾರಿ, ಟಕ್ ಅಂತ ತಾನೇ ಕೂರುತ್ತೆ. ಮೂಳೆ ಡಾಕ್ಟರು ಎಂಆರ್‌ಐ ಮಾಡಿಸು, ಒಳಗಡೆ ಲೇಬ್ರಮ್ ಹರಿದಿರಬಹುದು, ಕೀಹೋಲ್ ಆಪರೇಷನ್ ಬೇಕಾಗಬಹುದು ಅಂದ್ರು. ಅಪ್ಪ ಆಟಾನೇ ಬಿಡು ಅಂತಾರೆ. ಕೋಚ್ ಜಿಮ್‌ಗೆ ಹೋಗಿ ಭುಜ ಗಟ್ಟಿ ಮಾಡ್ಕೋ ಅಂತಾರೆ. ಪೊಲೀಸ್ ಕಾನ್‌ಸ್ಟೆಬಲ್ ಫಿಸಿಕಲ್‌ಗೂ ತಯಾರಿ ಮಾಡ್ತಾ ಇದ್ದೀನಿ, ಅದರಲ್ಲಿ ಗುಂಡು ಎಸೆತ ಬೇರೆ ಇದೆ.

ಬರೀ ವ್ಯಾಯಾಮದಲ್ಲಿ ಇದು ಸರಿಹೋದವರು ಯಾರಾದ್ರೂ ಇದ್ದೀರಾ? ಏನು ಮಾಡಿದ್ರಿ?

ಐರನ್_ಬಸವನಗುಡಿ

ಗುರು, ಭುಜದ ಸುತ್ತ ಮಾಂಸ ಇಲ್ಲ ಅಂದ್ರೆ ಜಾರದೆ ಇನ್ನೇನಾಗುತ್ತೆ? ಬೆಂಚ್ ಪ್ರೆಸ್, ಡಿಪ್ಸ್, ಶೋಲ್ಡರ್ ಪ್ರೆಸ್ ಹೆವಿಯಾಗಿ ಹಾಕು. ಜೊತೆಗೆ ಫೇಸ್ ಪುಲ್, ಅದೇ ಹಗ್ಗ ಮುಖದ ಕಡೆಗೆ ಎಳೆಯೋದು. ಪ್ರೋಟೀನ್ ಸರಿಯಾಗಿ ತಗೋ. ಆರು ತಿಂಗಳಲ್ಲಿ ಬಂಡೆ ಆಗುತ್ತೆ. ಆಪರೇಷನ್ ಅಂದ್ರೆ ದುಡ್ಡು ದಂಡ.

ಹುಬ್ಳಿ_ಸ್ವಿಂಗ್

ನಾ ಫಾಸ್ಟ್ ಬೌಲರ್ ರೀ. ನಂದು ಎರಡೂ ಭುಜ ಸಣ್ಣಾಂವಿದ್ದಾಗಿಂದ ಸಡ್ಲ. ಹೆಬ್ಬೆರಳು ಹಿಂದಕ್ಕ ಮಡಚಿದ್ರ ಮುಂಗೈಗೆ ಹತ್ತತೈತಿ, ಮೊಣಕೈ ನೆಟ್ಟಗಿಂತ ಹೆಚ್ಚಿಗೆ ಬಾಗತೈತಿ. ಎಂದೂ ಬಿದ್ದು ಪೆಟ್ಟು ಮಾಡ್ಕೊಂಡಿಲ್ಲ. ಆದ್ರ ಸ್ಪೆಲ್ ಮುಗಿಯೋದ್ರಾಗ ಕೈ ಸತ್ತಂಗ ಆಗತಿತ್ತು, ಬಾಲ್ ಬಿಟ್ಟ ಮ್ಯಾಲೆ ಭುಜ ಕೆಳಗ ಜೋತು ಬಿದ್ದಂಗ. ಬ್ಯಾಗ್ ಹೆಗಲಿಗೆ ಹಾಕ್ಕೊಂಡ್ರ ಭುಜ ಕೆಳಗ ಎಳದಂಗ ಆಗಿ ಬೆರಳು ಜುಮ್ ಅಂತಿದ್ವು.

ಒಬ್ಬ ಛಲೋ ಫಿಸಿಯೋ ಸಿಕ್ರು. ತೂಕ ಎತ್ತಸಲೇ ಇಲ್ಲ ಮೊದಲ. ಕನ್ನಡಿ ಮುಂದ ನಿಂದರಿಸಿ ಭುಜದ ತುದಿ ಒಂಚೂರು ಮ್ಯಾಲೆ ಎತ್ತಿ ಹಿಡಿ ಅಂದ್ರು, ಅಷ್ಟ. ನನಗ ನಗು ಬಂತು, ಇದೇನು ವ್ಯಾಯಾಮ ಅಂತ. ಆಮ್ಯಾಲ ರಬ್ಬರ್ ಪಟ್ಟಿ, ಆಮ್ಯಾಲ ಕೈ ಮ್ಯಾಲೆತ್ತಿ. ಒಂದು ಸೀಸನ್ ಹೋತು, ಮುಂದಿನ ಸೀಸನ್ ಆಡಿದೆ, ಇನ್ನೂ ಆಡಾಕತ್ತೀನಿ. ಆಪರೇಶನ್ ಏನ್ ಬ್ಯಾಡ್ರಿ, ಧೈರ್ಯ ಮಾಡ್ರಿ.

ಕಡಲತಡಿ_ಫಿಸಿಯೋ

ನಾನು ಮಂಗಳೂರಿನಲ್ಲಿ ಫಿಸಿಯೋ. ವಾಲಿಬಾಲ್, ತ್ರೋಬಾಲ್, ಶಟಲ್ ಆಡುವವರ ಭುಜವೇ ನನ್ನ ದಿನದ ಅರ್ಧ ಕೆಲಸ. ಸ್ವಲ್ಪ ಉದ್ದ ಬರೀತೇನೆ, ಚಹಾ ಹಿಡ್ಕೊಂಡು ಓದಿ.

ಮೊದಲು ಒಂದು ವಿಷಯ. ಇಲ್ಲಿ ಎರಡು ಬೇರೆ ಬೇರೆ ಭುಜಗಳ ಮಾತು ಒಂದೇ ಅಂತ ನಡೀತಾ ಉಂಟು. ಹುಬ್ಬಳ್ಳಿಯವರದ್ದು ಹುಟ್ಟಿನಿಂದ ಸಡಿಲ ಕೀಲು, ಒಳಗೆ ಏನೂ ಹರಿದದ್ದಲ್ಲ. ಮದ್ದೂರಿನವರದ್ದು ಪೆಟ್ಟಿಗೆ ಕಳಚಿದ್ದು. 1992ರಲ್ಲಿ ಅಮೆರಿಕದ ಬರ್ಕ್‌ಹೆಡ್ ಮತ್ತು ರಾಕ್‌ವುಡ್ ಎಂಬ ಇಬ್ಬರು ಮೂಳೆ ವೈದ್ಯರು 140 ಸಡಿಲ ಭುಜಗಳಿಗೆ ಒಂದೇ ವ್ಯಾಯಾಮ ಕ್ರಮ ಕೊಟ್ಟ ಲೆಕ್ಕ ಪ್ರಕಟಿಸಿದರು. ಪೆಟ್ಟಿಲ್ಲದೆ ಸಡಿಲವಾಗಿದ್ದ 66 ಭುಜಗಳಲ್ಲಿ 53 ಒಳ್ಳೆ ಸ್ಥಿತಿಗೆ ಬಂದವು. ಪೆಟ್ಟಿನಿಂದ ಕಳಚಿದ್ದ 74ರಲ್ಲಿ ಬರೀ 12. ಹಾಗಾಗಿ ‘ನನಗೆ ಸರಿಯಾಯ್ತು, ನಿನಗೂ ಆಗ್ತದೆ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹುಬ್ಬಳ್ಳಿಯವರು ಬೇಸರ ಮಾಡ್ಕೋಬೇಡಿ, ನಿಮ್ಮ ಫಿಸಿಯೋ ಮಾಡಿಸಿದ್ದು ಮಾತ್ರ ಅಪ್ಪಟ ಸರಿ, ಅದಕ್ಕೆ ಆಮೇಲೆ ಬರ್ತೇನೆ.

ಯಾಕೆ ಹೀಗೆ? ತೋಳಿನ ಮೂಳೆಯ ಗುಂಡು ದೊಡ್ಡದು, ಅದು ಕೂರುವ ಗುಳಿ ಚಿಕ್ಕದು, ಆಳವೂ ಇಲ್ಲ. ಗುಳಿಯ ಸುತ್ತ ಲೇಬ್ರಮ್ ಎಂಬ ಗಟ್ಟಿ ನಾರಿನ ಅಂಚು ಇದ್ದು ಸ್ವಲ್ಪ ಆಳ ಕೊಡ್ತದೆ. ಉಳಿದದ್ದೆಲ್ಲ ಸ್ನಾಯುಗಳ ಕೆಲಸ, ಅದರಲ್ಲೂ ರೊಟೇಟರ್ ಕಫ್ ಎಂಬ ನಾಲ್ಕರದ್ದು. ಗುಂಡು ಮುಂದಕ್ಕೆ ಹಾರಿದಾಗ ಗುಳಿಯ ಮುಂದಿನ ಅಂಚಿನಿಂದ ಲೇಬ್ರಮ್ ಕಿತ್ತು ಬರುವುದು ಮಾಮೂಲು, ಅದನ್ನೇ ಬ್ಯಾಂಕಾರ್ಟ್ ಗಾಯ ಅಂತಾರೆ. ಹಾಗೆ ಕಿತ್ತದ್ದು ಅದರ ಜಾಗದಲ್ಲಿ ಸರಿಯಾಗಿ ಅಂಟದೆ ಇದ್ದರೆ ರಬ್ಬರ್ ಪಟ್ಟಿ ಎಳೆದು ಅದನ್ನು ಅಂಟಿಸಲಿಕ್ಕೆ ಆಗುವುದಿಲ್ಲ. ವ್ಯಾಯಾಮ ಮಾಡುವುದೇನು ಹೇಳಿದ್ರೆ, ಆ ಅಂಚಿನ ಕೊರತೆ ಇದ್ದರೂ ಗುಂಡನ್ನು ಗುಳಿಯ ನಡುವೆ ಹಿಡಿಯುವಷ್ಟು ಸ್ನಾಯುಗಳನ್ನು ಚುರುಕು ಮಾಡುವುದು. ಕೆಲವರಿಗೆ ಅಷ್ಟು ಸಾಕಾಗ್ತದೆ, ಕೆಲವರಿಗೆ ಸಾಲದು. ನಿಮ್ಮ ವಯಸ್ಸಿನಲ್ಲಿ ಒಮ್ಮೆ ಕಳಚಿದ ಭುಜ ಮತ್ತೆ ಕಳಚುವ ಸಂಭವ ದೊಡ್ಡವರಿಗಿಂತ ಹೆಚ್ಚು, ಅದರ ಮೇಲೆ ನಿಮ್ಮದು ಸ್ಮ್ಯಾಶ್ ಹೊಡೆಯುವ ಕೈ.

ಆದ್ದರಿಂದ ಎಂಆರ್‌ಐ ಮಾಡಿಸಿ. ಆಪರೇಷನ್ನಿಗೆ ಒಪ್ಪಿಗೆ ಕೊಟ್ಟ ಹಾಗೆ ಅಲ್ಲ ಅದು. ಗುಳಿಯ ಮುಂದಿನ ಮೂಳೆಯೇ ಸವೆದಿದೆಯಾ ಎಂದು ಡಾಕ್ಟರಲ್ಲಿ ಬಾಯಿಬಿಟ್ಟು ಕೇಳಿ, ಸಂಶಯ ಇದ್ದರೆ ಅವರೇ ಸಿಟಿ ಸ್ಕ್ಯಾನ್ ಬರೆದು ಕೊಡ್ತಾರೆ. ಮೂಳೆ ತುಂಬಾ ಸವೆದಿದ್ದರೆ ಎಷ್ಟು ವ್ಯಾಯಾಮ ಮಾಡಿದರೂ ನಿಲ್ಲುವುದು ಕಷ್ಟ, ಆಗ ಮೂಳೆ ಕೂಡಿಸುವ ಬೇರೆ ಥರದ ಆಪರೇಷನ್ ಆಗಬೇಕಾಗ್ತದೆ. ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ಜಾರುವುದು, ಅಂಗಿ ಹಾಕುವಾಗ ಜಾರುವುದು, ದಿನ ಹೋದ ಹಾಗೆ ಕಡಿಮೆ ಕೆಲಸಕ್ಕೇ ಜಾರುವುದು: ಇವು ಆ ಸವೆತದ ಸೂಚನೆಗಳು. ನಿಮಗೆ ಇದು ಯಾವುದಾದರೂ ಉಂಟಾ?

ಈಗ ಮನೆಯಲ್ಲೇ ಎರಡು ನೋಡಿ ನನಗೆ ಹೇಳಿ.

ಒಂದು, ಅಂಗಿ ತೆಗೆದು ಬೆಳಕಿನಲ್ಲಿ ಬೆನ್ನಿನ ಫೋಟೋ ತೆಗೆಸಿ. ಬೆನ್ನಿನ ಹಲಗೆ ಮೂಳೆಯ ಮೇಲೆ ಅಡ್ಡಕ್ಕೆ ಒಂದು ಏಣು ಕೈಗೆ ಸಿಗ್ತದೆ. ಅದರ ಕೆಳಗೆ ಎಡಬದಿ ತುಂಬಿಕೊಂಡಿದ್ದು ಬಲಬದಿ ಗುಳಿ ಬಿದ್ದಿದೆಯಾ ನೋಡಿ. ವಾಲಿಬಾಲ್ ಅಟ್ಯಾಕರ್‌ಗಳ ಹೊಡೆಯುವ ಕೈಯಲ್ಲಿ ಇದು ಒಂದು ವಿಚಿತ್ರ ತೊಂದರೆ. ಸುಪ್ರಾಸ್ಕ್ಯಾಪುಲರ್ ಎಂಬ ನರ ಅಲ್ಲಿ ಮೂಳೆಯ ತಿರುವಿನಲ್ಲಿ ಎಳೆತಕ್ಕೆ ಸಿಕ್ಕಿ, ಇನ್‌ಫ್ರಾಸ್ಪೈನೇಟಸ್ ಸ್ನಾಯು ಕರಗಿ ಹೋಗಿರ್ತದೆ. ಹೆಚ್ಚಿನವರಿಗೆ ನೋವೇ ಇರುವುದಿಲ್ಲ, ಹಾಗಾಗಿ ಆಟಗಾರನಿಗೆ ಗೊತ್ತೇ ಆಗುವುದಿಲ್ಲ. ತೋಳನ್ನು ಹೊರಕ್ಕೆ ತಿರುಗಿಸುವ ಮುಖ್ಯ ಸ್ನಾಯು ಅದೇ. ನರವೇ ಸೋತಿದ್ದರೆ ಅದನ್ನು ಪಟ್ಟಿ ಎಳೆದು ಬೆಳೆಸಲಿಕ್ಕೆ ಹೊರಟು ಪ್ರಯೋಜನ ಇಲ್ಲ, ಮೊದಲು ನರದ ಪರೀಕ್ಷೆ ಆಗಬೇಕು.

ಎರಡು, ಲಗೇಜ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಒಂದು ತಗೊಳ್ಳಿ. ಕಿಟಕಿಯ ಸರಳಿಗೆ ಸೊಂಟದ ಎತ್ತರದಲ್ಲಿ ಒಂದು ಹಳೆ ಬೆಲ್ಟ್ ಕಟ್ಟಿ ಕೊಕ್ಕೆ ಸಿಕ್ಕಿಸಿ. ಮೊಣಕೈ 90 ಡಿಗ್ರಿ ಮಡಚಿ ಪಕ್ಕೆಗೆ ಒತ್ತಿರಲಿ, ನಡುವೆ ಬೈರಾಸು ಸುತ್ತಿ ಇಡಿ. ಕಿಟಕಿ ಎಡಕ್ಕಿರುವ ಹಾಗೆ ನಿಂತು ಬಲಗೈಯನ್ನು ಹೊರಕ್ಕೆ ನಿಧಾನ ಎಳೆದು ಐದು ಸೆಕೆಂಡ್ ಹಿಡಿಯಿರಿ. ಆಮೇಲೆ ಕಿಟಕಿ ಬಲಕ್ಕೆ ಬರುವ ಹಾಗೆ ತಿರುಗಿ ಒಳಕ್ಕೆ ಎಳೆಯಿರಿ. ಎಡಗೈಯದ್ದೂ ಹಾಗೇ ನೋಡಿ. ಜರ್ಕ್ ಹಾಕಬೇಡಿ. ಹೊರಕ್ಕೆ ಎಳೆಯುವ ಬಲ ಒಳಕ್ಕೆ ಎಳೆಯುವ ಬಲದ 75 ಶೇಕಡಕ್ಕಿಂತ ಕೆಳಗೆ ಇರಬಾರದು. ಸ್ಮ್ಯಾಶ್ ಹೊಡೆದು ಹೊಡೆದು ಒಳಕ್ಕೆ ತಿರುಗಿಸುವ ಬಲ ತಾನೇ ಬೆಳೀತದೆ, ಕೈಗೆ ಬ್ರೇಕ್ ಹಾಕುವ ಹಿಂದಿನ ಸ್ನಾಯು ಹಿಂದೆಯೇ ಉಳೀತದೆ.

ಬಸವನಗುಡಿಯವರೇ, ಫೇಸ್ ಪುಲ್ ಒಳ್ಳೆಯದೇ, ಆದರೆ ಈಗಲೇ ಅಲ್ಲ. ಅಗಲ ಹಿಡಿತದ ಬೆಂಚ್ ಪ್ರೆಸ್, ಆಳದ ಡಿಪ್ಸ್, ಕತ್ತಿನ ಹಿಂದೆ ಇಳಿಸುವ ಪ್ರೆಸ್, ಪುಲ್‌ಡೌನ್ ಇವೆಲ್ಲ ಗುಂಡನ್ನು ಮುಂದಕ್ಕೇ ದೂಡ್ತವೆ. ಇವರ ಭುಜ ಜಾರುವ ದಿಕ್ಕೇ ಅದು ಮಾರಾಯ್ರೆ!

ಮದ್ದೂರು_ಅಟ್ಯಾಕರ್

ಸರ್, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್. ನಿದ್ದೇಲಿ ಜಾರಿಲ್ಲ. ಅಂಗಿ ಹಾಕುವಾಗ್ಲೂ ಇಲ್ಲ. ಸ್ಮ್ಯಾಶ್ ಮತ್ತೆ ಜಂಪ್ ಸರ್ವ್, ಇವೆರಡಕ್ಕೇ.

ಅಣ್ಣನ ಹತ್ರ ಫೋಟೋ ತೆಗೆಸಿದೆ. ಗುಳಿ ಏನೂ ಕಾಣಲ್ಲ, ಎರಡೂ ಕಡೆ ಒಂದೇ ಥರ ಇದೆ. ಆದ್ರೆ ಬಲಗಡೆ ಭುಜ ಎಡಗಡೆಗಿಂತ ಕೆಳಗಿದೆ, ಹಲಗೆ ಮೂಳೆ ಅಂಚು ಹೊರಗೆ ಚಾಚ್ಕೊಂಡಿದೆ.

ತಕ್ಕಡಿ ಪಕ್ಕದ ಮನೆಯವರ ಹತ್ರ ಇತ್ತು. ಬಲಗೈ ಹೊರಕ್ಕೆ 6.5 ಕೆ.ಜಿ., ಒಳಕ್ಕೆ 11. ಎಡಗೈ ಹೊರಕ್ಕೆ 8.5, ಒಳಕ್ಕೆ 11. ಎಂಆರ್‌ಐ ಶನಿವಾರಕ್ಕೆ ಕೊಟ್ಟಿದ್ದಾರೆ. ಅಲ್ಲೀವರೆಗೆ ಏನು ಮಾಡ್ಲಿ?

ಕಡಲತಡಿ_ಫಿಸಿಯೋ

ಬಲಗೈ 59 ಶೇಕಡ, ಎಡಗೈ 77. ನೋಡಿ, ಸ್ಮ್ಯಾಶ್ ಹೊಡೆಯದ ಎಡಗೈಯೇ ನಿಮ್ಮ ಬಲಗೈಗಿಂತ ಹೊರಕ್ಕೆ ಗಟ್ಟಿ ಉಂಟು. ಹೊಡೆಯುವ ಕೈಯ ಭುಜ ಸ್ವಲ್ಪ ಕೆಳಗಿರುವುದು ಆಟಗಾರರಲ್ಲಿ ಸಾಮಾನ್ಯ, ಅದೊಂದಕ್ಕೇ ಹೆದರಬೇಡಿ. ಅಂಚು ಹೊರಗೆ ಬಂದಿದೆ ಅಂದಿರಲ್ಲ, ನಾನು ಹಿಡಿಯುವುದು ಅದನ್ನು. ತೋಳಿನ ಗುಂಡು ಕೂರುವ ಗುಳಿ ಇರುವುದು ಆ ಹಲಗೆ ಮೂಳೆಯಲ್ಲೇ. ಕೈ ಮೇಲೆ ಹೋದಾಗ ಹಲಗೆಯೂ ಮೇಲ್ಮುಖ ತಿರುಗಿ ಗುಂಡಿನ ಕೆಳಗೆ ಬರಬೇಕು. ಅದು ಹಿಂದೆಯೇ ಉಳಿದರೆ ಗುಂಡಿಗೆ ಆಸರೆ ಇಲ್ಲ.

ಎಲ್ಲ ಕಡೆ ‘ಭುಜ ಕೆಳಗೆಳೆದು ಹಿಂದಕ್ಕೆ ಒತ್ತಿ ಹಿಡಿ’ ಎಂದು ಹೇಳಿಕೊಡ್ತಾರೆ. ಜೋತುಬಿದ್ದ ಭುಜಕ್ಕೆ ಅದು ಉಲ್ಟಾ ಕೆಲಸ. ಹುಬ್ಬಳ್ಳಿಯವರ ಫಿಸಿಯೋ ತುದಿ ಎತ್ತಿ ಹಿಡಿಸಿದ್ದು ಇದಕ್ಕೇ. ಆಸ್ಟ್ರೇಲಿಯಾದ ಲಿನ್ ವಾಟ್ಸನ್ ಎಂಬ ಫಿಸಿಯೋ ಎಲ್ಲ ದಿಕ್ಕಿಗೂ ಸಡಿಲವಾದ ಭುಜಗಳಿಗೆ ರೂಪಿಸಿದ ಕ್ರಮದ ಮೊದಲ ಮೆಟ್ಟಿಲೇ ಹಲಗೆಯ ಹಿಡಿತ. ಅದು ಬರದೆ ಮುಂದೆ ಹೋಗುವ ಹಾಗಿಲ್ಲ. 2018ರಲ್ಲಿ ಅದನ್ನೂ ಹಳೆಯ ರಾಕ್‌ವುಡ್ ಕ್ರಮವನ್ನೂ ಎದುರುಬದುರು ಇಟ್ಟು ನೋಡಿದಾಗ ವಾಟ್ಸನ್ ಕ್ರಮಕ್ಕೇ ಮೇಲುಗೈ ಆಯಿತು. ಪೆಟ್ಟಿನಿಂದ ಕಳಚಿದವರ ಮೇಲೆ ಡೆನ್ಮಾರ್ಕಿನಲ್ಲಿ 2020ರಲ್ಲಿ ಬಂದ ಅಧ್ಯಯನವೂ ಉಂಟು. 56 ಜನ, 12 ವಾರ. ಬರೀ ಬಲ ಅಲ್ಲ, ಕೀಲಿನ ಹಿಡಿತ ಕಲಿಸುವ ವ್ಯಾಯಾಮವನ್ನು ಫಿಸಿಯೋ ಎದುರು ನಿಂತು ಮಾಡಿಸಿದ ಗುಂಪಿನ ಭುಜ, ಮನೆಯಲ್ಲಿ ಮಾಡಿಕೊಳ್ಳಿ ಎಂದು ಮಾಮೂಲಿ ವ್ಯಾಯಾಮ ಹೇಳಿ ಕಳಿಸಿದ ಗುಂಪಿಗಿಂತ ಚೆನ್ನಾಗಿ ಸುಧಾರಿಸಿತು. ಅಂದ್ರೆ ನಾನು ಇಲ್ಲಿ ಬರೆದದ್ದನ್ನು ಓದಿ ಒಬ್ಬರೇ ಮಾಡುವುದಕ್ಕಿಂತ ಹತ್ತಿರದಲ್ಲಿ ಒಬ್ಬ ಒಳ್ಳೆ ಕ್ರೀಡಾ ಫಿಸಿಯೋ ಹುಡುಕಿ. ನನ್ನ ಹೊಟ್ಟೆಪಾಡಿಗೆ ಹೇಳುವುದಲ್ಲ, ಮದ್ದೂರಿನಿಂದ ನೀವು ಹೇಗೂ ನನ್ನಲ್ಲಿಗೆ ಬರುವುದಿಲ್ಲ.

ಶನಿವಾರದವರೆಗೆ ಇಷ್ಟು ಮಾಡಿ. ಕನ್ನಡಿ ಎದುರು ನಿಂತು ಬಲಗೈಯನ್ನು ದೇಹದಿಂದ ಒಂದು ಗೇಣು ದೂರ ಇಟ್ಟು, ಭುಜದ ತುದಿಯನ್ನು ಎಡದ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಕತ್ತು ಬಿಗಿಯಬಾರದು. ಹಿಡಿದುಕೊಂಡೇ ಉಸಿರಾಡಿ. ಆಮೇಲೆ ಎಡಮಗ್ಗುಲಿಗೆ ಮಲಗಿ, ಮೊಣಕೈ ಪಕ್ಕೆಗಿಟ್ಟು, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮುಂಗೈಯನ್ನು ಮೇಲಕ್ಕೆ ತಿರುಗಿಸಿ, ಇಳಿಸುವುದು ನಿಧಾನ. ಗೋಡೆಗೆ ಎರಡೂ ಅಂಗೈ ಊರಿ ದಂಡ ಹೊಡೆದು, ಕೊನೆಗೆ ಮೊಣಕೈ ನೆಟ್ಟಗಾದ ಮೇಲೆ ಇನ್ನೊಂದು ಸ್ವಲ್ಪ ಗೋಡೆಯನ್ನು ದೂಡಿ. ಹಲಗೆಯ ಅಂಚು ಪಕ್ಕೆಲುಬಿಗೆ ಅಂಟುವುದು ಆ ಕೊನೆಯ ದೂಡುವಿಕೆಯಲ್ಲಿ. ದಿನಾ ಮಾಡಬಹುದು. ಭುಜ ಹೆದರಬಾರದು, ಆ ‘ಹೋಯ್ತು’ ಅನ್ನಿಸುವ ಜಾಗಕ್ಕೆ ಕೈ ಹೋಗಲೇಬಾರದು.

ಎಂಆರ್‌ಐ ನೋಡಿ ಡಾಕ್ಟರು ವ್ಯಾಯಾಮ ಮಾಡಿ ನೋಡೋಣ ಎಂದರೆ ಮುಂದಿನ ದಾರಿ ಹೀಗೆ: ಪಟ್ಟಿ ಹೊರಕ್ಕೆ ಎಳೆಯುವುದನ್ನು ಮೊದಲು ಪಕ್ಕೆಯ ಹತ್ತಿರ, ಆಮೇಲೆ ಕೈ 45 ಡಿಗ್ರಿ ಎತ್ತಿ, ಆಮೇಲೆ ಭುಜದ ಮಟ್ಟಕ್ಕೆ, ಆದರೆ ಕೈ ನೇರ ಪಕ್ಕಕ್ಕಲ್ಲ, ಸ್ವಲ್ಪ ಮುಂದಕ್ಕೆ. ಒಂದು ಎತ್ತರದಲ್ಲಿ ಹಲಗೆ ಅಲುಗದೆ ಮಾಡಲಿಕ್ಕೆ ಬಂದ ಮೇಲೆಯೇ ಮುಂದಿನದು. ಕೊನೆಗೆ ಸ್ಮ್ಯಾಶಿಗೆ ಕೈ ಎತ್ತುವ ಅದೇ ಭಂಗಿಯಲ್ಲಿ, ಪಟ್ಟಿ ಕೈಯನ್ನು ಮುಂದಕ್ಕೆ ಎಳೆಯುವಾಗ ನೀವು ತಡೆದು ತಡೆದು ಬಿಡುವುದು. ಹೊಡೆದ ಮೇಲೆ ಕೈ ನಿಲ್ಲಿಸುವ ಬ್ರೇಕ್ ಇದೇ. ಬೆಂಚಿನ ಮೇಲೆ ಬೋರಲು ಮಲಗಿ, ಕೈ ಪಕ್ಕಕ್ಕೆ ಚಾಚಿ, ಅರ್ಧ ಕೆ.ಜಿ. ಚೆಂಡು ಬಿಟ್ಟು ನೆಲಕ್ಕೆ ಬೀಳುವ ಮೊದಲೇ ಹಿಡಿಯುವುದು ನನ್ನ ಆಟಗಾರರಿಗೆ ಬಹಳ ಇಷ್ಟ. ಗುಂಡು ಜಾರುವುದು ಕಣ್ಣು ಮಿಟುಕಿಸುವಷ್ಟರಲ್ಲಿ, ಸ್ನಾಯು ಅಷ್ಟು ಬೇಗ ಏಳಲಿಕ್ಕೆ ಕಲಿಯಬೇಕು. ನಿಧಾನದ ತೂಕದಿಂದ ಮಾತ್ರ ಅದು ಬರುವುದಿಲ್ಲ.

ಇಷ್ಟಕ್ಕೆ ಮೂರು ತಿಂಗಳಾದರೂ ಬೇಕು. ನಾನು ಆಟಕ್ಕೆ ಬಿಡುವುದು ಕ್ಯಾಲೆಂಡರ್ ನೋಡಿ ಅಲ್ಲ. ಹೊರಕ್ಕೆ ಎಳೆಯುವ ಬಲ ಎಡಗೈಯಷ್ಟಾದರೂ ಆಗಿರಬೇಕು, ಕೈ ಹಿಂದಕ್ಕೆ ಒಯ್ದಾಗ ಹೆದರಿಕೆ ಹೋಗಿರಬೇಕು. ಬರೀ ನೋವಿಲ್ಲ ಅಂದ್ರೆ ಲೆಕ್ಕಕ್ಕಿಲ್ಲ, ನೋವು ನಿಮಗೆ ಈಗಲೂ ಇಲ್ಲವಲ್ಲ! ಮತ್ತೆ ಹೊಡೆಯುವುದೂ ಮೆಟ್ಟಿಲು ಮೆಟ್ಟಿಲು: ನಿಂತಲ್ಲೇ ಗೋಡೆಗೆ ಅರ್ಧ ಜೋರು, ಆಮೇಲೆ ನೆಟ್ ಹತ್ತಿರ ಕೈಯಿಂದ ಎಸೆದ ಬಾಲಿಗೆ ಹಾರಿ, ಆಮೇಲೆ ಲಿಫ್ಟರ್ (ಸ್ಮ್ಯಾಶಿಗೆ ಬಾಲ್ ಎತ್ತಿಕೊಡುವವ) ಕೊಟ್ಟದ್ದಕ್ಕೆ, ಕೊನೆಗೆ ಎದುರು ಬ್ಲಾಕ್ ಇಟ್ಟು. ಜಂಪ್ ಸರ್ವ್ ಎಲ್ಲಕ್ಕಿಂತ ಕೊನೆಗೆ. ದಿನಕ್ಕೆ ಎಷ್ಟು ಹೊಡೆದಿರಿ ಎಂದು ಪುಸ್ತಕದಲ್ಲಿ ಬರೆಯಿರಿ.

ಗರಡಿ_ಮೈಸೂರು

ನಮಸ್ಕಾರ ಡಾಕ್ಟ್ರೇ. ನಾವು ಗರಡಿ ಮನೇಲಿ ಬೆಳೆದವರು. ಭುಜಕ್ಕೆ ಗದೆ ತಿರುಗಿಸೋದಕ್ಕಿಂತ ದೊಡ್ಡ ಔಷಧಿ ಇಲ್ಲ ಅಂತ ನಮ್ಮ ಉಸ್ತಾದರು ಹೇಳೋರು. ಈ ಹುಡುಗನಿಗೆ ಅದನ್ನ ಯಾಕೆ ಹೇಳ್ಲಿಲ್ಲ? ರಬ್ಬರ್ ಪಟ್ಟಿಗಿಂತ ಅದು ಕಡಿಮೇನಾ?

ಕಡಲತಡಿ_ಫಿಸಿಯೋ

ಕಡಿಮೆ ಅಲ್ಲ ಸರ್, ಗರಡಿಯವರ ಭುಜ ನೋಡಿದ್ದೇನೆ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಗದೆ ತಲೆಯ ಹಿಂದೆ ಇಳಿಯುವ ಕ್ಷಣ ಉಂಟಲ್ಲ, ತೋಳು ಮೇಲೆದ್ದು ಹೊರಕ್ಕೆ ತಿರುಗಿ, ತುದಿಯ ಭಾರ ಹಿಂದಕ್ಕೆ ಎಳೀತದೆ. ಇವರ ಭುಜ ಕೈ ಬಿಡುವುದು ಅಲ್ಲಿಯೇ. ಗಟ್ಟಿ ಭುಜವನ್ನು ಇನ್ನೂ ಗಟ್ಟಿ ಮಾಡಲಿಕ್ಕೆ ಗದೆ ಒಳ್ಳೆಯದು. ಇವರಿಗೆ ಎಲ್ಲ ಮೆಟ್ಟಿಲು ಮುಗಿದ ಮೇಲೆ, ಹಗುರದ್ದರಲ್ಲಿ, ನಿಮ್ಮಂಥವರು ಎದುರು ನಿಂತು ಕಲಿಸಿದರೆ ನನ್ನ ಅಭ್ಯಂತರ ಇಲ್ಲ.

ಮದ್ದೂರಿನವರ ಗುಂಡು ಎಸೆತದ ಪ್ರಶ್ನೆ ಹಾಗೇ ಉಳಿದಿತ್ತು. 7.26 ಕೆ.ಜಿ. ಗುಂಡಾದರೂ ಅದು ಕತ್ತಿಗೆ ತಾಗಿ ಕೂತು ಮುಂದಕ್ಕೆ ದೂಡುವಂಥದ್ದು, ಸ್ಮ್ಯಾಶಿನ ಹಾಗೆ ಕೈ ಹಿಂದಕ್ಕೆ ತಿರುಚುವುದಿಲ್ಲ. ಹಾಗಾಗಿ ಸ್ಮ್ಯಾಶಿಗಿಂತ ಮೊದಲೇ ಅದಕ್ಕೆ ಮರಳಬಹುದು, ಹಗುರ ಗುಂಡಿನಿಂದ ಶುರು ಮಾಡಿ. ಕ್ರಿಕೆಟ್ ಬಾಲಿನ ಥರ ಬೀಸಿ ಎಸೆಯುವವರನ್ನು ನೋಡಿದ್ದೇನೆ, ಅದು ಬೇಡ. ಫೌಲೂ ಆಗ್ತದೆ, ಭುಜವೂ ಹೋಗ್ತದೆ.

ನಿಮ್ಮ ಕೋಚಿಗೆ ಒಂದು ಮಾತು ತಲುಪಿಸಿ. ನಾರ್ವೆಯಲ್ಲಿ 660 ಹ್ಯಾಂಡ್‌ಬಾಲ್ ಆಟಗಾರರ ಮೇಲೆ ಮಾಡಿದ ಅಧ್ಯಯನ 2017ರಲ್ಲಿ ಬಂತು. ವಾರ್ಮಪ್ಪಿನಲ್ಲೇ ಸುಮಾರು ಹತ್ತು ನಿಮಿಷ, ವಾರಕ್ಕೆ ಮೂರು ಸಲ ಭುಜದ ವ್ಯಾಯಾಮ ಮಾಡಿದ ತಂಡಗಳಲ್ಲಿ ಭುಜದ ತೊಂದರೆಯ ಅಪಾಯ 28 ಶೇಕಡ ಕಡಿಮೆ. ಅದು ಕಳಚಿದ ಭುಜಗಳ ಅಧ್ಯಯನ ಅಲ್ಲ, ಎಸೆಯುವ ಆಟದವರ ಒಟ್ಟು ಭುಜದ ತೊಂದರೆಯದ್ದು. ಆದರೆ ಉಳಿದ ಹುಡುಗರಿಗೆ ಉಪಯೋಗ. ಎರಡು ರಬ್ಬರ್ ಪಟ್ಟಿಗೆ ಎಷ್ಟು ಮಹಾ ಖರ್ಚು!

ಮದ್ದೂರು_ಅಟ್ಯಾಕರ್

ಕೋಚ್‌ಗೆ ಲಿಂಕ್ ಕಳಿಸಿದ್ದೀನಿ ಸರ್. ಕೊನೇದಾಗಿ ಒಂದೇ ಡೌಟು. ಗಣೇಶನ ಹಬ್ಬದ ಟೂರ್ನಮೆಂಟ್ ಹತ್ರ ಬಂತು. ಅಟ್ಯಾಕ್ ಬಿಟ್ಟು ಬರೀ ಲಿಫ್ಟರ್ ಆಗಿ ಆಡ್ಲಾ? ಭುಜಕ್ಕೆ ಟೇಪ್ ಸುತ್ಕೊಂಡು?

ಕಡಲತಡಿ_ಫಿಸಿಯೋ

ಲಿಫ್ಟ್ ಮಾಡುವಾಗ ಕೈ ಹಣೆಯ ಮುಂದೆ ಇರ್ತದೆ, ಅದರಿಂದ ಭಯ ಇಲ್ಲ. ಆದರೆ ನಿಮ್ಮ ಭುಜ ಮೊದಲು ಹೋದದ್ದು ಸ್ಮ್ಯಾಶಿನಲ್ಲಿ ಅಲ್ಲ, ಡೈವಿನಲ್ಲಿ. ಕೆಟ್ಟ ಪಾಸ್ ಬಂದಾಗ ಡೈವ್ ಹೊಡೆಯದೆ ನಿಂತು ನೋಡುವ ಲಿಫ್ಟರನ್ನು ನಾನಂತೂ ಕಂಡಿಲ್ಲ. ಬ್ಲಾಕಿಗೆ ಹಾರಿದಾಗ ಎದುರಿನವನ ಬಾಲು ಕೈಯನ್ನು ಹಿಂದಕ್ಕೆ ಕಿತ್ತುಕೊಂಡು ಹೋಗುವುದೂ ಉಂಟು. ಟೇಪಿಗೆ ಅದನ್ನು ತಡೆಯುವ ತಾಕತ್ತಿಲ್ಲ, ಚರ್ಮಕ್ಕೆ ಒಂದು ನೆನಪು ಕೊಡ್ತದೆ ಅಷ್ಟೇ. ಈ ಹಬ್ಬಕ್ಕೆ ಅಂಪೈರ್ ಕುರ್ಚಿ ಖಾಲಿ ಉಂಟಾ ಕೇಳಿ. ಶನಿವಾರದ ರಿಪೋರ್ಟು ಬಂದ ಮೇಲೆ ಹೆಸರು ಮುಚ್ಚಿ ಇಲ್ಲೇ ಹಾಕಿ, ನೋಡುವ.